ಬಿ.ಎ.ಯಲ್ಲಿ ತತ್ವಶಾಸ್ತ್ರ ಓದುವುದು ಹೇಗೆ: ಮೊದಲು ‘ಅನುಮಾನ’ ಬಗೆಹರಿಸಿಕೊಳ್ಳಿ

ತತ್ವಶಾಸ್ತ್ರದ ಮೊದಲ ಸೆಮಿಸ್ಟರಿನಲ್ಲಿ ಕನ್ನಡದ ವಿದ್ಯಾರ್ಥಿ ಎಡವುವುದು ಗೊತ್ತಿಲ್ಲದ ಪದಗಳಲ್ಲಿ ಅಲ್ಲ, ಗೊತ್ತಿರುವ ಪದಗಳಲ್ಲಿ. ‘ನನಗೆ ಅವನ ಮೇಲೆ ಅನುಮಾನ’ ಅಂದರೆ ಶಂಕೆ. ನ್ಯಾಯದರ್ಶನದಲ್ಲಿ, ಅಂದರೆ ತರ್ಕಕ್ಕೆ ಹೆಸರಾದ ಹಳೆಯ ಭಾರತೀಯ ಚಿಂತನಾ ಪಂಥದಲ್ಲಿ, ಅನುಮಾನ ಅಂದರೆ ಹೆಚ್ಚುಕಡಿಮೆ ಅದಕ್ಕೆ ತದ್ವಿರುದ್ಧ: ಹೊಗೆ ಕಂಡು ಬೆಂಕಿ ಇದೆ ಎಂದು ನಿಶ್ಚಯಿಸಿಕೊಳ್ಳುವ ದಾರಿ. ‘ಪಕ್ಷ’ ಚುನಾವಣೆಗೆ ನಿಲ್ಲುವುದಲ್ಲ; ಬೆಂಕಿ ಇದೆ ಎಂದು ಎಲ್ಲಿ ತೋರಿಸಬೇಕೋ ಆ ಬೆಟ್ಟ. ‘ಸಾಧ್ಯ’ ಆಗಬಹುದಾದದ್ದಲ್ಲ, ಸಾಧಿಸಬೇಕಾದದ್ದು. ‘ವ್ಯಾಪ್ತಿ’ ಪೊಲೀಸ್ ಠಾಣೆಯ ವ್ಯಾಪ್ತಿಯಲ್ಲ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ತಪ್ಪದ ನಂಟು. ‘ಶಬ್ದ’ ಸದ್ದಲ್ಲ, ನಂಬತಕ್ಕವರ ಮಾತು. ‘ನಾಸ್ತಿಕ’ ದೇವರಿಲ್ಲ ಎನ್ನುವವನಲ್ಲ, ವೇದವನ್ನು ಪ್ರಮಾಣವೆಂದು, ಅಂದರೆ ಸರಿಯಾದ ತಿಳಿವಿನ ಸಾಧನವೆಂದು, ಒಪ್ಪದವನು. ಹಾಗಾಗಿಯೇ ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪದ ಮೀಮಾಂಸಕರು (ವೇದದ ವಿಧಿಗಳನ್ನು ವಿಚಾರಿಸುವ ದರ್ಶನದವರು) ಆಸ್ತಿಕರ ಸಾಲಿನಲ್ಲಿ ಕೂತಿದ್ದಾರೆ.

ಆದ್ದರಿಂದ ಮೊದಲ ಕೆಲಸ ಪದಗಳ ಒಂದು ನೋಟ್‌ಬುಕ್. ಇನ್ನೂರು ಪುಟದ ಉದ್ದ ಪುಸ್ತಕ ಸಾಕು. ಪುಟಕ್ಕೆ ನಾಲ್ಕು ಕಾಲಂ: ಪದ, ಮನೆಮಾತಿನಲ್ಲಿ ಅದರ ಅರ್ಥ, ಯಾವ ದರ್ಶನದಲ್ಲಿ ಯಾವ ಅರ್ಥ, ಇಂಗ್ಲಿಷ್ ಪುಸ್ತಕಗಳು ಅದಕ್ಕೆ ಬಳಸುವ ಪದ ಮತ್ತು ಆ ಪದ ಎಲ್ಲಿ ಸಾಲದು. ವಾರಕ್ಕೆ ಮೂರು ಪದ ಬರೆದರೂ ಆರು ಸೆಮಿಸ್ಟರಿಗೆ ಮುನ್ನೂರರ ಹತ್ತಿರ ಆಗುತ್ತದೆ. ಮೂರನೆಯ ಕಾಲಮ್ಮೇ ಮುಖ್ಯ. ‘ಧರ್ಮ’ ಎಂಬ ಒಂದು ಪದಕ್ಕೆ ಅಲ್ಲಿ ನಾಲ್ಕು ಸಾಲು ಬೇಕು: ಮೀಮಾಂಸೆಯಲ್ಲಿ ವೇದ ವಿಧಿಸಿದ ಕರ್ತವ್ಯ, ನ್ಯಾಯದಲ್ಲಿ ವಸ್ತುವಿನಲ್ಲಿರುವ ಗುಣಲಕ್ಷಣ, ಬೌದ್ಧರ ಅಭಿಧರ್ಮದಲ್ಲಿ ಅನುಭವವನ್ನು ಒಡೆದಾಗ ಉಳಿಯುವ ಮೂಲ ಅಂಶ, ಜೈನರಲ್ಲಿ ಚಲನೆಗೆ ಆಸರೆಯಾಗುವ ದ್ರವ್ಯ. ಮೀನಿಗೆ ನೀರು ಹೇಗೋ ಹಾಗೆ. ಈ ನಾಲ್ಕನ್ನೂ ‘ರಿಲಿಜನ್’ ಎಂದು ಓದಿಕೊಂಡವರ ಉತ್ತರಪತ್ರಿಕೆ ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ.

ಸೇರುವ ಮುಂಚೆ

ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ಹೋಗಿ, 2024–25ರಿಂದ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಬಿ.ಎ.ಯಲ್ಲಿ ತತ್ವಶಾಸ್ತ್ರ ಸಾಮಾನ್ಯವಾಗಿ ಬೇರೆ ಐಚ್ಛಿಕ ವಿಷಯಗಳ ಜೊತೆಗೇ ಸಿಗುತ್ತದೆ. ಅದೊಂದನ್ನೇ ಆಳವಾಗಿ ಓದಬೇಕೆಂದರೆ ದೆಹಲಿ ವಿಶ್ವವಿದ್ಯಾಲಯದಂಥ ಕಡೆ ಬಿ.ಎ. ಆನರ್ಸ್ ಇದೆ, ಅದಕ್ಕೆ 2022ರಿಂದ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಕೆಲಸ ಮಾಡುತ್ತಾ ಓದುವವರಿಗೆ ದೂರಶಿಕ್ಷಣದ ಇಗ್ನೋ ಇದೆ. ಎಲ್ಲೇ ಓದಲಿ, ಇಗ್ನೋದ ತತ್ವಶಾಸ್ತ್ರ ಪಠ್ಯಗಳು ಅದರ ಅಂತರ್ಜಾಲ ಭಂಡಾರವಾದ ಇಜ್ಞಾನಕೋಶದಲ್ಲಿ (eGyanKosh) ಪುಕ್ಕಟೆ ಸಿಗುತ್ತವೆ. ಪರೀಕ್ಷೆಯ ಹಿಂದಿನ ವಾರ ಜೆರಾಕ್ಸ್ ನೋಟ್ಸ್‌ಗೆ ಅಲೆಯುವುದಕ್ಕಿಂತ ಅವು ಎಷ್ಟೋ ವಾಸಿ.

ಕಾಲೇಜಿನ ಕೈಪಿಡಿಯಲ್ಲಿ ವಿಷಯದ ಹೆಸರಿದೆ ಎಂದು ನಂಬಿ ಶುಲ್ಕ ಕಟ್ಟಬೇಡಿ. ಸೇರುವವರು ತೀರಾ ಕಡಿಮೆಯಾದರೆ ತರಗತಿಯೇ ನಡೆಯದಿರಬಹುದು. ನೇರ ವಿಭಾಗಕ್ಕೆ ಹೋಗಿ ಕೇಳಿ: ಹೋದ ವರ್ಷ ಎಷ್ಟು ಜನ ಸೇರಿದ್ದರು, ಪಾಠ ಮಾಡುವವರು ಕಾಯಂ ಅಧ್ಯಾಪಕರೋ ಅತಿಥಿ ಉಪನ್ಯಾಸಕರೋ, ಉತ್ತರ ಕನ್ನಡದಲ್ಲಿ ಬರೆಯಬಹುದೇ, ತರ್ಕಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆ ಇದೆಯೇ. ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರ ಬಂದರೆ ತರ್ಕವನ್ನು ನೀವೇ ಕಲಿಯಬೇಕಾಗುತ್ತದೆ ಎಂದು ಈಗಲೇ ಲೆಕ್ಕ ಹಾಕಿಕೊಳ್ಳಿ. ಪಿಯುಸಿಯಲ್ಲಿ ತರ್ಕಶಾಸ್ತ್ರ ತೆಗೆದುಕೊಂಡಿದ್ದವರಿಗೆ ಇಲ್ಲಿ ಅರ್ಧ ವರ್ಷದ ಮುಂಗಡ ಇದೆ.

ಜೊತೆ ವಿಷಯಗಳಲ್ಲಿ ಸಂಸ್ಕೃತ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ರಾಜ್ಯಶಾಸ್ತ್ರ ಅಥವಾ ಇತಿಹಾಸ. ಮನಃಶಾಸ್ತ್ರ ‘ಹತ್ತಿರದ ವಿಷಯ’ ಎಂದು ಹಲವರು ಆರಿಸುತ್ತಾರೆ, ಆದರೆ ಈಗಿನ ಮನಃಶಾಸ್ತ್ರ ಪ್ರಯೋಗ ಮತ್ತು ಅಂಕಿಸಂಖ್ಯೆಗಳ ಶಾಸ್ತ್ರ, ನಂಟು ಅಂದುಕೊಂಡಷ್ಟಿಲ್ಲ.

ಮನೆಯಲ್ಲಿ ಕೇಳುವ ‘ಮುಂದೇನು’ ಎಂಬ ಪ್ರಶ್ನೆಗೂ ನೇರ ಉತ್ತರ ಇಟ್ಟುಕೊಂಡಿರಿ. ಎಂ.ಎ. ಎರಡು ವರ್ಷ, ಆಮೇಲೆ ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಕೆ-ಸೆಟ್ (ರಾಜ್ಯದ್ದು). ನೆಟ್‌ನಲ್ಲಿ ಸಾಮಾನ್ಯ ಪತ್ರಿಕೆ 50 ಪ್ರಶ್ನೆ, ವಿಷಯದ ಪತ್ರಿಕೆ 100 ಪ್ರಶ್ನೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡರೆ 250 ಅಂಕದ ಎರಡು ಪತ್ರಿಕೆ; ಅದಲ್ಲದೆ 2013ರಿಂದ ಎಲ್ಲರಿಗೂ ಕಡ್ಡಾಯವಾದ 250 ಅಂಕದ ನೀತಿಶಾಸ್ತ್ರ ಪತ್ರಿಕೆಗೂ ಇದೇ ಓದು ಒದಗುತ್ತದೆ. ಕಾನೂನು, ಪತ್ರಿಕೋದ್ಯಮ, ಅನುವಾದದ ಕಡೆ ಹೊರಳುವವರೂ ಇದ್ದಾರೆ. ಪದವಿ ಮುಗಿದ ಕೂಡಲೇ ಈ ವಿಷಯದ ಹೆಸರಿನಲ್ಲೇ ಕೆಲಸ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹತ್ತು ಪುಟಕ್ಕೆ ಎರಡು ಗಂಟೆ

ಕಾದಂಬರಿಯ ವೇಗದಲ್ಲಿ ಓದಿದರೆ ಇಲ್ಲಿ ಏನೂ ಉಳಿಯುವುದಿಲ್ಲ. ಹತ್ತು ಪುಟಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ, ಮೂರು ಸುತ್ತು ಓದಿ. ಮೊದಲ ಸುತ್ತು ಇಪ್ಪತ್ತು ನಿಮಿಷ, ಕೈಯಲ್ಲಿ ಪೆನ್ನು ಬೇಡ, ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ ಎಂಬಷ್ಟೇ ತಿಳಿದರೆ ಸಾಕು. ಎರಡನೆಯ ಸುತ್ತಿನಲ್ಲಿ ಪೆನ್ಸಿಲ್ ಹಿಡಿದು ಅಂಚಿನಲ್ಲಿ ಗುರುತು ಹಾಕಿ: ‘ಪ್ರ’ ಅಂದರೆ ಪ್ರತಿಜ್ಞೆ (ಸಾಧಿಸಹೊರಟ ಮಾತು), ‘ಹೇ’ ಅಂದರೆ ಹೇತು (ಅದಕ್ಕೆ ಕೊಡುವ ಕಾರಣ), ‘ಆ’ ಅಂದರೆ ಆಕ್ಷೇಪ, ‘ಉ’ ಅಂದರೆ ಉತ್ತರ. ಮೂರನೆಯ ಸುತ್ತಿನಲ್ಲಿ ಪುಸ್ತಕ ಮುಚ್ಚಿ, ವಾದವನ್ನು ಅಂಕಿ ಹಾಕಿದ ವಾಕ್ಯಗಳಾಗಿ ಬರೆಯಿರಿ. ಹಳದಿ ಮಾರ್ಕರಿನಿಂದ ಪುಟವೆಲ್ಲ ಬಳಿಯುವುದರಿಂದ ಓದಿದ ತೃಪ್ತಿ ಸಿಗುತ್ತದೆ, ಅಷ್ಟೇ.

ಒಂದು ಉದಾಹರಣೆ ನೋಡೋಣ. ವಿಜಯನಗರ ಕಾಲದ, ಹದಿನಾಲ್ಕನೇ ಶತಮಾನದ ‘ಸರ್ವದರ್ಶನಸಂಗ್ರಹ’ ಹಲವು ದರ್ಶನಗಳನ್ನು ಪರಿಚಯಿಸುವ ಗ್ರಂಥ; ಅದು ಶುರುವಾಗುವುದೇ ಪ್ರತ್ಯಕ್ಷವೊಂದನ್ನೇ ನಂಬುವ ಚಾರ್ವಾಕರಿಂದ. ಅಲ್ಲಿ ಅನುಮಾನದ ಮೇಲಿನ ದಾಳಿಯನ್ನು ಬಿಡಿಸಿ ಬರೆದರೆ ಹೀಗಾಗುತ್ತದೆ:

1. ವ್ಯಾಪ್ತಿ ಗೊತ್ತಿದ್ದರೆ ಮಾತ್ರ ಅನುಮಾನ ನಡೆಯುತ್ತದೆ.
2. ವ್ಯಾಪ್ತಿ ಪ್ರತ್ಯಕ್ಷದಿಂದ ತಿಳಿಯದು. ಅದು ಹಿಂದಿನ, ಮುಂದಿನ, ದೂರದ ಎಲ್ಲ ಹೊಗೆಯನ್ನೂ ಒಳಗೊಳ್ಳುತ್ತದೆ. ಕಣ್ಣಿಗೆ ಕಾಣುವುದು ಎದುರಿಗಿರುವುದು ಮಾತ್ರ.
3. ಅನುಮಾನದಿಂದಲೂ ತಿಳಿಯದು. ಆ ಅನುಮಾನಕ್ಕೆ ಇನ್ನೊಂದು ವ್ಯಾಪ್ತಿ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಇದಕ್ಕೆ ಅನವಸ್ಥೆ ಎಂದು ಹೆಸರು.
4. ಶಬ್ದದಿಂದಲೂ ತಿಳಿಯದು. ಮಾತಿನಿಂದ ಅರ್ಥ ತಿಳಿಯುವುದಕ್ಕೇ ಅನುಮಾನ ಬೇಕಾಗುತ್ತದೆ.
5. ಆದ್ದರಿಂದ ವ್ಯಾಪ್ತಿ ತಿಳಿಯದು, ಅನುಮಾನ ಪ್ರಮಾಣವಲ್ಲ.

ಹೀಗೆ ಬರೆದುಕೊಂಡ ಮೇಲೆ ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’ ಎಂಬ ಮಾತಿಗೆ ಜಾಗವೇ ಇಲ್ಲ. ಎಷ್ಟನೆಯ ವಾಕ್ಯ ತಪ್ಪು ಎಂದು ಬೆರಳಿಟ್ಟು ಹೇಳಬೇಕು. ನೈಯಾಯಿಕನಾದ (ನ್ಯಾಯದರ್ಶನದವನಾದ) ಉದಯನ ಬೆರಳಿಟ್ಟದ್ದು ಎರಡನೆಯದರ ಮೇಲೆ. ‘ಬೇರೆ ಕಾಲದಲ್ಲಿ, ಬೇರೆ ಊರಲ್ಲಿ ಬೆಂಕಿಯಿಲ್ಲದ ಹೊಗೆ ಇರಬಹುದು’ ಎಂದು ನೀನು ಶಂಕಿಸುತ್ತೀಯ. ಕಣ್ಣಿಗೆ ಕಾಣದ ಆ ಕಾಲ, ಆ ಊರು ಇವೆ ಎಂದು ನಿನಗೆ ಹೇಗೆ ಗೊತ್ತಾಯಿತು? ಅನುಮಾನದಿಂದಲೇ. ಶಂಕೆ ಇದ್ದರೆ ಅನುಮಾನವೂ ಇದೆ. ಶಂಕೆ ಇಲ್ಲದಿದ್ದರೆ ಅನುಮಾನಕ್ಕೆ ಅಡ್ಡಿಯೇ ಇಲ್ಲ. ಹೊಗೆ ಬೇಕಾದಾಗ ನೀನೂ ಬೆಂಕಿಯನ್ನೇ ಹೊತ್ತಿಸುತ್ತೀಯಲ್ಲ. ನಿನ್ನ ನಡತೆಗೇ ವಿರುದ್ಧವಾಗುವಲ್ಲಿ ಶಂಕೆ ನಿಲ್ಲಬೇಕು. (ಕನ್ನಡದಲ್ಲಿ ಶಂಕೆಗೇ ‘ಅನುಮಾನ’ ಎನ್ನುತ್ತೇವೆ ಎಂದು ಗೊತ್ತಾಗಿದ್ದರೆ ಉದಯನ ನಗುತ್ತಿದ್ದನೋ ಏನೋ.) ಈ ಉತ್ತರ ಚಾರ್ವಾಕನ ಬಾಯಿ ಮುಚ್ಚಿಸುತ್ತದೆಯೇ, ಅಥವಾ ಅನುಮಾನ ಬಿಟ್ಟು ಬದುಕಲಾಗದು ಎಂದಷ್ಟೇ ತೋರಿಸುತ್ತದೆಯೇ? ಅದು ನೀವು ಪ್ರಬಂಧ ಬರೆಯಬೇಕಾದ ಪ್ರಶ್ನೆ.

ಇದೇ ಹೊತ್ತಿಗೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಪ್ರಕಟಿಸಿದ ‘ಎನ್‌ಕ್ವಯರಿ’ಯ ನಾಲ್ಕು ಮತ್ತು ಐದನೆಯ ಭಾಗ ಓದಿ. ಪ್ರಶ್ನೆ ಹತ್ತಿರದ್ದು, ಆದರೆ ‘ಚಾರ್ವಾಕನೂ ಹ್ಯೂಮನೂ ಒಂದೇ’ ಎಂದು ಬರೆದರೆ ಅಂಕ ಹೋಗುತ್ತದೆ. ಹ್ಯೂಮ್ ಹಿಂದೆ ಕಂಡದ್ದರಿಂದ ಮುಂದಿನದನ್ನು ಊಹಿಸುವುದನ್ನು ಬಿಡಿ ಎನ್ನುವುದಿಲ್ಲ. ಅದಕ್ಕೆ ಬುದ್ಧಿಯ ಆಧಾರವಿಲ್ಲ, ರೂಢಿಯ ಆಧಾರವಿದೆ ಎನ್ನುತ್ತಾನೆ. ಇಲ್ಲಿ ಚಾರ್ವಾಕ ಅನುಮಾನವನ್ನು ಪ್ರಮಾಣಗಳ ಪಟ್ಟಿಯಿಂದಲೇ ತೆಗೆಯುತ್ತಾನೆ.

ಓದುವಾಗ ಆಗುವ ಅತಿ ದೊಡ್ಡ ಅನಾಹುತ ಎದುರಾಳಿಯ ಮಾತನ್ನು ಗ್ರಂಥಕಾರನ ತಲೆಗೆ ಕಟ್ಟುವುದು. ನಮ್ಮ ಗ್ರಂಥಗಳಲ್ಲಿ ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಪುಟಗಟ್ಟಲೆ ಹರಿಯುತ್ತದೆ. ‘ನನು’ ಎಂದು ಬಂದರೆ ಆಕ್ಷೇಪ ಶುರು, ‘ಇತಿ ಚೇತ್ ನ’ ಎಂದರೆ ಆಕ್ಷೇಪ ಮುಗಿದು ನಿರಾಕರಣೆ ಶುರು, ‘ಅತ್ರ ಉಚ್ಯತೇ’ ಎಂದರೆ ಉತ್ತರ. ಸಂಸ್ಕೃತ ಬಾರದಿದ್ದರೂ ಈ ಮೂರು ಗುರುತು ಕಲಿತಿರಿ. ಪಾಶ್ಚಾತ್ಯರಲ್ಲೂ ಇದೇ ಗುಂಡಿ ಇದೆ: ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್‌ನ ‘ಮೆಡಿಟೇಷನ್ಸ್’ ಪುಸ್ತಕದ ಮೊದಲ ‘ಧ್ಯಾನ’ದ ಸಂಶಯಗಳು ಅವನ ಸಿದ್ಧಾಂತವಲ್ಲ, ದಾಟಲು ಇಟ್ಟ ಹೊಳೆ. ಪ್ಲೇಟೋನ ಸಂವಾದದಲ್ಲಿ ‘ನ್ಯಾಯ ಅಂದರೆ ಬಲಶಾಲಿಯ ಹಿತ’ ಎನ್ನುವವನು ಥ್ರಾಸಿಮ್ಯಾಕಸ್, ಪ್ಲೇಟೋ ಅಲ್ಲ.

ತರ್ಕ: ದಿನಕ್ಕೆ ಅರ್ಧ ಗಂಟೆ

ತರ್ಕಶಾಸ್ತ್ರ ಓದಿ ಬರುವುದಿಲ್ಲ, ಗಣಿತದ ಹಾಗೆ ಮಾಡಿ ಮಾಡಿ ಬರುತ್ತದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ, ಆರು ಲೆಕ್ಕ. ವಾಕ್ಯಗಳು ನಿಜವೋ ಸುಳ್ಳೋ ಎಂಬ ಎಲ್ಲ ಸಾಧ್ಯತೆಗಳನ್ನೂ ಬರೆಯುವ ಸತ್ಯಕೋಷ್ಟಕದಲ್ಲಿ ಎರಡು ವಾಕ್ಯಗಳಿದ್ದರೆ 4 ಸಾಲು, ಮೂರಿದ್ದರೆ 8, ನಾಲ್ಕಿದ್ದರೆ 16. ಸಾಲು ತಪ್ಪಿಸುವುದೇ ಹೆಚ್ಚಿನವರ ತಪ್ಪು. ಮೊದಲ ಕಾಲಂ ಅರ್ಧರ್ಧ, ಎರಡನೆಯದು ಕಾಲುಕಾಲು ಎಂದು ಕಣ್ಣು ಮುಚ್ಚಿ ತುಂಬುವಷ್ಟು ರೂಢಿಯಾಗಲಿ.

ಕಷ್ಟ ಇರುವುದು ಕನ್ನಡ ವಾಕ್ಯವನ್ನು ಸಂಕೇತಕ್ಕೆ ಇಳಿಸುವಲ್ಲಿ. ‘ಹಾಜರಾತಿ ಶೇ 75 ಇದ್ದರೆ ಮಾತ್ರ ಪರೀಕ್ಷೆಗೆ ಕೂರಬಹುದು’ ಎಂಬ ನೋಟಿಸು ನೋಡಿ. ಇದರಿಂದ ‘ಪರೀಕ್ಷೆಗೆ ಕೂತವರಿಗೆಲ್ಲ ಶೇ 75 ಇದೆ’ ಎಂದು ಹೊರಡುತ್ತದೆ. ‘ಶೇ 75 ಇದ್ದವರೆಲ್ಲ ಕೂರಬಹುದು’ ಎಂದು ಹೊರಡುವುದಿಲ್ಲ; ಶುಲ್ಕ ಕಟ್ಟದವನನ್ನು ಹೊರಗೆ ನಿಲ್ಲಿಸಬಹುದು. ‘ಇದ್ದರೆ’ಗೆ ಸಂಕೇತದ ಬಾಣ (→) ಒಂದು ದಿಕ್ಕಿಗೆ, ‘ಇದ್ದರೆ ಮಾತ್ರ’ಕ್ಕೆ ಎದುರು ದಿಕ್ಕಿಗೆ. ಹಾಗೆಯೇ ‘ಎಲ್ಲರೂ ಬರಲಿಲ್ಲ’ ಎಂಬ ವಾಕ್ಯಕ್ಕೆ ‘ಕೆಲವರು ಬರಲಿಲ್ಲ’ ಎಂಬ ಅರ್ಥವೂ ಇದೆ, ‘ಯಾರೂ ಬರಲಿಲ್ಲ’ ಎಂಬ ಅರ್ಥವೂ ಇದೆ. ಯಾವುದೆಂದು ಮೊದಲು ತೀರ್ಮಾನಿಸಿ, ಆಮೇಲೆ ಸಂಕೇತ ಬರೆಯಿರಿ.

ಭಾರತೀಯ ತರ್ಕಕ್ಕೆ ಅನ್ನಂಭಟ್ಟನ ‘ತರ್ಕಸಂಗ್ರಹ’ ಹಿಡಿಯಿರಿ, ಪುಟ್ಟ ಪುಸ್ತಕ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ, ವಾದದ ಐದು ಅವಯವಗಳನ್ನು (ಭಾಗಗಳನ್ನು) ಬಾಯಿಪಾಠ ಮಾಡುವುದು ಸುಲಭ. ಹೇತ್ವಾಭಾಸ, ಅಂದರೆ ಹೇತುವಿನಂತೆ ಕಾಣುವ ಆದರೆ ಹೇತುವಲ್ಲದ ಕಾರಣ, ಹಿಡಿಯುವುದು ಅಭ್ಯಾಸದಿಂದ. ‘ಬೆಟ್ಟದಲ್ಲಿ ಬೆಂಕಿ ಇದೆ, ಏಕೆಂದರೆ ಹೊಗೆ ಇದೆ’ ಸರಿ. ತಿರುಗಿಸಿ ‘ಬೆಟ್ಟದಲ್ಲಿ ಹೊಗೆ ಇದೆ, ಏಕೆಂದರೆ ಬೆಂಕಿ ಇದೆ’ ಎಂದರೆ ತಪ್ಪು. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಏಳಬೇಕಾದರೆ ಹಸಿ ಕಟ್ಟಿಗೆಯೂ ಸೇರಬೇಕು. ಬಚ್ಚಿಟ್ಟುಕೊಂಡಿದ್ದ ಆ ಹಸಿ ಕಟ್ಟಿಗೆಯೇ ‘ಉಪಾಧಿ’. ಪತ್ರಿಕೆಯ ಓದುಗರ ಪತ್ರಗಳಲ್ಲಿ ವಾರಕ್ಕೆ ಎರಡಾದರೂ ಹಸಿ ಕಟ್ಟಿಗೆ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಪ್ರಬಂಧ ಮತ್ತು ಪರೀಕ್ಷೆ

ಪ್ರಬಂಧದ ಮೊದಲ ಪ್ಯಾರಾದಲ್ಲಿ ‘ಫಿಲಾಸಫಿ’ ಪದದ ಗ್ರೀಕ್ ಮೂಲ ಬೇಡ. ‘ಅದ್ವೈತದ ಬಗ್ಗೆ ಚರ್ಚಿಸಲಾಗಿದೆ’ ಎಂಬುದೂ ಬೇಡ; ಅದು ನಿಲುವಲ್ಲ. ನಿಲುವು ಅಂದರೆ ಯಾರಾದರೂ ‘ಅಲ್ಲ’ ಎನ್ನಬಹುದಾದ ವಾಕ್ಯ. ಉದಾಹರಣೆಗೆ: ‘ಹಗ್ಗ–ಹಾವಿನ ದೃಷ್ಟಾಂತ ಜಗತ್ತು ಮಿಥ್ಯ ಎಂಬುದನ್ನು ವಿವರಿಸುತ್ತದೆ, ಸಾಧಿಸುವುದಿಲ್ಲ.’

1500 ಪದದ ಪ್ರಬಂಧವಾದರೆ ಸಮಸ್ಯೆ ಹೇಳಲು 150 ಪದ. ಅದ್ವೈತಿಯ ಮಾತಿಗೆ 400: ಇಲ್ಲಿ ‘ಮಿಥ್ಯ’ ಸುಳ್ಳು ಎಂದಲ್ಲ, ಸತ್ತೂ ಅಲ್ಲದ ಅಸತ್ತೂ ಅಲ್ಲದ ಸ್ಥಿತಿ ಎಂದು ಬಿಡಿಸಿ ಹೇಳಿ. ಆಮೇಲೆ ಗಟ್ಟಿಯಾದ ಆಕ್ಷೇಪಕ್ಕೆ 350: ಹಗ್ಗವನ್ನು ಹಾವು ಎಂದುಕೊಳ್ಳಬೇಕಾದರೆ ಹಿಂದೆ ಎಲ್ಲೋ ನಿಜವಾದ ಹಾವು ನೋಡಿರಬೇಕು, ಹಾಗಾದರೆ ಬ್ರಹ್ಮವನ್ನು ಜಗತ್ತು ಎಂದುಕೊಳ್ಳಲು ನಿಜವಾದ ಜಗತ್ತು ಎಲ್ಲಿ ನೋಡಿದ್ದೆವು? ಉತ್ತರಕ್ಕೆ 350: ಹಾವಿನ ಸಂಸ್ಕಾರ (ಹಿಂದಿನ ಅನುಭವ ಮನಸ್ಸಿನಲ್ಲಿ ಬಿಟ್ಟ ಅಚ್ಚು) ಇದ್ದರೆ ಸಾಕು, ಆ ಹಾವು ನಿಜವಾಗಿರಬೇಕಿಲ್ಲ, ಭ್ರಮೆಯಿಂದ ಸಂಸ್ಕಾರ, ಸಂಸ್ಕಾರದಿಂದ ಭ್ರಮೆ, ಈ ಸರಣಿ ಅನಾದಿ. ಉಳಿದ ಜಾಗದಲ್ಲಿ ‘ಅನಾದಿ’ ಎಂಬುದು ಉತ್ತರವೋ ಪ್ರಶ್ನೆಯನ್ನು ಹಿಂದಕ್ಕೆ ತಳ್ಳುವುದೋ ಎಂದು ನಿಮ್ಮ ತೀರ್ಪು ಕೊಡಿ.

ಪೂರ್ವಪಕ್ಷ ಬರೆದ ಮೇಲೆ ಒಂದು ಪರೀಕ್ಷೆ ಇದೆ: ಎದುರಾಳಿ ಓದಿದರೆ ‘ಹೌದು, ನಾನು ಹೇಳಿದ್ದು ಇದನ್ನೇ’ ಎನ್ನಬೇಕು. ಎನ್ನದಿದ್ದರೆ ಮತ್ತೆ ಬರೆಯಿರಿ. ಕೊನೆಗೆ ‘ಎಲ್ಲ ದಾರಿಗಳೂ ಒಂದೇ ಸತ್ಯಕ್ಕೆ’ ಎಂದು ಹೇಳಿ, ವಚನವೊಂದನ್ನು ಅಂಟಿಸಿ ಮುಗಿಸುವುದು ನಮ್ಮಲ್ಲಿ ಬಹಳ. ಶಂಕರ, ರಾಮಾನುಜ, ಮಧ್ವರು ಪರಸ್ಪರ ಒಪ್ಪದೆ ಸಾವಿರಾರು ಪುಟದ ಪರಂಪರೆ ಬೆಳೆಸಿದ್ದಾರೆ. ಒಂದು ಸಾಲಿನಲ್ಲಿ ಅವರನ್ನು ರಾಜಿ ಮಾಡಿಸುವುದು ವಿನಯದಂತೆ ಕಾಣುತ್ತದೆ, ನಿಜದಲ್ಲಿ ಮೂವರನ್ನೂ ಓದಿಲ್ಲ ಎಂಬುದಕ್ಕೆ ಪುರಾವೆ.

ಪರೀಕ್ಷೆಯ ಲೆಕ್ಕ ಬೇರೆ. 80 ಅಂಕಕ್ಕೆ ಮೂರು ಗಂಟೆ ಎಂದರೆ ಅಂಕಕ್ಕೆ ಎರಡು ನಿಮಿಷ ಚಿಲ್ಲರೆ. 10 ಅಂಕದ ಪ್ರಶ್ನೆಗೆ 20 ನಿಮಿಷ ದಾಟಬೇಡಿ. ಪ್ರಮಾಣಗಳ ಎಣಿಕೆ ಮೇಲಿಂದ ಮೇಲೆ ಬರುವ ಪ್ರಶ್ನೆ: ಚಾರ್ವಾಕರಿಗೆ 1, ಬೌದ್ಧ ಮತ್ತು ವೈಶೇಷಿಕರಿಗೆ 2, ಸಾಂಖ್ಯ, ವಿಶಿಷ್ಟಾದ್ವೈತ, ದ್ವೈತಗಳಿಗೆ 3, ನ್ಯಾಯಕ್ಕೆ 4, ಮೀಮಾಂಸಕರಲ್ಲಿ ಪ್ರಾಭಾಕರ ಪಂಥದವರಿಗೆ 5, ಭಾಟ್ಟ ಪಂಥದವರಿಗೂ ಅದ್ವೈತಿಗಳಿಗೂ 6. ಸಂಖ್ಯೆ ಬರೆದರೆ ಅರ್ಧ ಅಂಕ. ಬಿಟ್ಟ ಪ್ರಮಾಣವನ್ನು ಎಲ್ಲಿಗೆ ಸೇರಿಸಿದರು ಎಂದೂ ಬರೆದರೆ ಪೂರ್ತಿ ಅಂಕ. ವೈಶೇಷಿಕರು ಶಬ್ದವನ್ನು ಬಿಸಾಡಲಿಲ್ಲ, ಅನುಮಾನದೊಳಗೆ ಸೇರಿಸಿದರು.

ಪುಸ್ತಕಗಳು ಯಾವ ಸರದಿಯಲ್ಲಿ

ಪಾಶ್ಚಾತ್ಯಕ್ಕೆ ಬರ್ಟ್ರಂಡ್ ರಸೆಲ್‌ನ 1912ರ ‘ದ ಪ್ರಾಬ್ಲಮ್ಸ್ ಆಫ್ ಫಿಲಾಸಫಿ’ ಮೊದಲು, ಆಮೇಲೆ ಡೆಕಾರ್ಟ್, ಆಮೇಲೆ ಹ್ಯೂಮ್. ಕಾಂಟ್‌ನ 1781ರ ‘ಕ್ರಿಟೀಕ್’ಗೆ ನೇರ ಧುಮುಕಿದರೆ ಮುಳುಗುತ್ತೀರಿ, ಅದನ್ನು ಯಾರೂ ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲವೆಂದು ಅವನೇ 1783ರಲ್ಲಿ ಬರೆದ ಚಿಕ್ಕ ‘ಪ್ರೊಲೆಗೊಮಿನ’ ಇದೆ, ಅದರಿಂದ ಒಳಗೆ ಹೋಗಿ. ಭಾರತೀಯಕ್ಕೆ ಮೈಸೂರಿನ ಎಂ. ಹಿರಿಯಣ್ಣನವರ 1932ರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’. ರಾಧಾಕೃಷ್ಣನ್ ಅವರೂ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರೇ, ಆದರೆ ಹೊಸಬರಿಗೆ ಹಿರಿಯಣ್ಣನವರೇ ಒಳ್ಳೆಯದು: ಮಾತು ಕಡಿಮೆ, ತೂಕ ಹೆಚ್ಚು. ಯಾವ ವಿಷಯಕ್ಕೂ ಸ್ಟ್ಯಾನ್‌ಫರ್ಡ್ ತತ್ವಶಾಸ್ತ್ರ ವಿಶ್ವಕೋಶ ಅಂತರ್ಜಾಲದಲ್ಲಿ ಪುಕ್ಕಟೆ ಇದೆ; ಮೂಲ ಓದಿದ ಮೇಲೆ ತೆರೆಯಿರಿ, ಮೊದಲೇ ಅಲ್ಲ.

ಮೂರು ನಾಲ್ಕು ಜನರ ಕೂಟ

ಒಬ್ಬರೇ ಕೂತು ಓದಿದರೆ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ವಾರಕ್ಕೊಮ್ಮೆ ಒಂದು ಗಂಟೆ ಸೇರಿ. ಐದು ಜನ ಮೀರಿದರೆ ಅದು ಹರಟೆಯಾಗುತ್ತದೆ. ಒಬ್ಬರು ಹತ್ತು ನಿಮಿಷದಲ್ಲಿ ಒಂದು ವಾದವನ್ನು ಅಂಕಿ ಹಾಕಿ ಮಂಡಿಸಲಿ, ಉಳಿದವರು ಕೆಡವಲು ನೋಡಲಿ. ನ್ಯಾಯದರ್ಶನದ ಮೂಲಗ್ರಂಥವಾದ ನ್ಯಾಯಸೂತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ: ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೆಂಬ ನಿಲುವೇ ಇಲ್ಲದೆ ಎದುರಿನವನದನ್ನು ಮುರಿಯುವುದಷ್ಟೇ ವಿತಂಡ. ವಾರಕ್ಕೊಬ್ಬರು ಬೇಕೆಂದೇ ವಿತಂಡ ಮಾಡುವ ಪಾಳಿ ಇಟ್ಟುಕೊಳ್ಳಿ, ಅಭ್ಯಾಸಕ್ಕೆ ಒಳ್ಳೆಯದು.

ಕೂಟಕ್ಕೆ ಒಂದೇ ಕಟ್ಟುಪಾಡು ಸಾಕು, ಅದೂ ನ್ಯಾಯಸೂತ್ರದ್ದೇ. ಅಲ್ಲಿ ಸೋಲಿಗೆ 22 ಕಾರಣ ಹೇಳಿದೆ. ಅವುಗಳಲ್ಲೊಂದು ಅನನುಭಾಷಣ: ಎದುರಾಳಿ ಮೂರು ಸಲ ಹೇಳಿದ್ದಾನೆ, ಸಭೆಗೆ ಅರ್ಥವಾಗಿದೆ, ಆದರೂ ಅವನ ಮಾತನ್ನು ನೀನು ತಿರುಗಿ ಹೇಳಲಾರೆ ಎಂದರೆ ಸೋತೆ. ಆಕ್ಷೇಪ ಎತ್ತುವವರು ಮೊದಲು ಮಂಡಿಸಿದವರ ಮಾತನ್ನು ತಮ್ಮ ಮಾತಿನಲ್ಲಿ ಹೇಳಲಿ, ಮಂಡಿಸಿದವರು ‘ಹೌದು’ ಎನ್ನಲಿ, ಆಮೇಲೆ ಆಕ್ಷೇಪ. ಮೊದಲ ತಿಂಗಳು ಗಂಟೆಯಲ್ಲಿ ಮುಕ್ಕಾಲು ಪಾಲು ಈ ‘ಹೌದು’ ಹೊರಡಿಸುವುದಕ್ಕೇ ಹೋಗುತ್ತದೆ.